ಲಿಗ್ನೊಕೇನ್ ಸಾಕಾ, ಆರ್ಟಿಕೇನ್ ಬೇಕಾ?

ಕೊಡಗಿನ ಗೋಣಿಕೊಪ್ಪದ ನನ್ನ ಹಲ್ಲಿನ ಕ್ಲಿನಿಕ್‌ಗೆ ಈಚೆಗೆ ಹೊಸ ಬೇಡಿಕೆಯೊಂದು ಬರುತ್ತಿದೆ, ಹಲ್ಲು ಮರಗಟ್ಟಿಸುವ ಇಂಜೆಕ್ಷನ್ ಬಗ್ಗೆ. "ಡಾಕ್ಟ್ರೇ, ಮಾಮೂಲಿ ಇಂಜೆಕ್ಷನ್ ಬೇಡ. ಆರ್ಟಿಕೇನ್ ಅಂತ ಇದೆಯಂತಲ್ಲ, ಅದನ್ನೇ ಹಾಕಿ." ಬೆಂಗಳೂರಿನಲ್ಲಿರುವ ಮಗನೋ ಮಗಳೋ ಫೋನಿನಲ್ಲಿ ಹೇಳಿರುತ್ತಾರೆ. ರೇಟು ಜಾಸ್ತಿ ಅಂದಮೇಲೆ ಒಳ್ಳೆಯದೇ ಇರಬೇಕು ಅನ್ನುವ ಲೆಕ್ಕ. ಆ ಲೆಕ್ಕ ಅರ್ಧ ಮಾತ್ರ ಸರಿ.

ಆ ಮಾಮೂಲಿ ಇಂಜೆಕ್ಷನ್ ಅಂದರೆ ನಾನು ದಿನಾ ಬಳಸುವ 2% ಲಿಗ್ನೊಕೇನ್, ಜೊತೆಗೆ ಅಡ್ರಿನಲಿನ್. ರಬ್ಬರ್ ಮುಚ್ಚಳದ 30 ಎಂಎಲ್ ಬಾಟಲಿಯಲ್ಲಿ ಬರುತ್ತದಲ್ಲ, ಅದೇ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ 1943ರಲ್ಲಿ ಕಂಡುಹಿಡಿದ ಔಷಧಿ ಇದು. ಲುಂಡ್‌ಕ್ವಿಸ್ಟ್ ತಮಗೇ ಚುಚ್ಚಿಕೊಂಡು ನೋಡಿದ್ದರು. 1948ರಲ್ಲಿ ಮಾರುಕಟ್ಟೆಗೆ ಬಂತು, ಇವತ್ತಿಗೂ ಅದನ್ನು ಮೂಲೆಗೆ ತಳ್ಳಲು ಯಾರಿಗೂ ಆಗಿಲ್ಲ. ಅದೊಂದನ್ನೇ ಹಾಕಿದರೆ ಹಲ್ಲಿನ ಒಳಗಿನ ನರ ಐದು ಹತ್ತು ನಿಮಿಷ ಮಲಗಿ ಎದ್ದುಬಿಡುತ್ತದೆ. ಅಡ್ರಿನಲಿನ್ ಸೇರಿಸಿದರೆ ಅಲ್ಲಿನ ರಕ್ತನಾಳ ಬಿಗಿಯಾಗಿ ಔಷಧಿ ಅಲ್ಲೇ ನಿಲ್ಲುತ್ತದೆ. ಹಲ್ಲಿಗೆ ಸುಮಾರು ಒಂದು ಗಂಟೆ ಸಿಗುತ್ತದೆ, ತುಟಿಯ ಜೋಮು ಇಳಿಯಲು ಮೂರು ಗಂಟೆಯ ಮೇಲೇ ಬೇಕು.

ಆರ್ಟಿಕೇನ್ ಜರ್ಮನಿಯಲ್ಲಿ ಬಳಕೆಗೆ ಬಂದದ್ದು 1976ರಲ್ಲಿ. ಬರುವುದು 4% ಆಗಿ, ಅಂದರೆ ಒಂದು ಎಂಎಲ್‌ನಲ್ಲಿ ಲಿಗ್ನೊಕೇನ್‌ನ ಎರಡರಷ್ಟು ಔಷಧಿ. ಮೂಳೆಯೊಳಗೆ ಚೆನ್ನಾಗಿ ಇಳಿಯುತ್ತದೆ. ಅದರ ಹೆಚ್ಚಿನ ಭಾಗ ರಕ್ತದಲ್ಲೇ ಒಡೆದುಹೋಗುವುದರಿಂದ ದೇಹದಿಂದ ಬೇಗ ಹೊರಗೆ ಹೋಗುತ್ತದೆ, ಲಿಗ್ನೊಕೇನ್‌ನ ಹಾಗೆ ಲಿವರ್‌ಗಾಗಿ ಕಾಯಬೇಕಿಲ್ಲ.

ಮೇಲಿನ ಹಲ್ಲಿಗೆ ಇದರ ಗೊಡವೆಯೇ ಬೇಡ. ಅಲ್ಲಿನ ಮೂಳೆ ತೆಳು, ಯಾವುದನ್ನು ಹಾಕಿದರೂ ಇಳಿಯುತ್ತದೆ. ತಾಪತ್ರಯ ಇರುವುದು ಕೆಳಗಿನ ದವಡೆ ಹಲ್ಲಿನದು. ಅಲ್ಲಿ ಹೊರಗಿನ ಮೂಳೆ ದಪ್ಪ, ಪಕ್ಕದಲ್ಲಿ ಚುಚ್ಚಿದ ಲಿಗ್ನೊಕೇನ್ ಒಳಗೆ ಹೋಗುವುದೇ ಇಲ್ಲ. ಹಾಗಾಗಿ ಬಾಯಿಯ ಹಿಂಬದಿಯಲ್ಲಿ ನರ ದವಡೆಯೊಳಗೆ ನುಗ್ಗುವ ಜಾಗಕ್ಕೇ ಇಂಜೆಕ್ಷನ್ ಕೊಟ್ಟು ಆ ನರವನ್ನೇ ಮರಗಟ್ಟಿಸುತ್ತೇವೆ, ಇದಕ್ಕೆ ಬ್ಲಾಕ್ ಅನ್ನುತ್ತೇವೆ. ಆ ಜಾಗ ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳಲ್ಲಿ ಮೂಳೆಯ ತಗ್ಗು ತಡಕಿ, ಸೂಜಿಯ ತುದಿ ಮೂಳೆಗೆ ತಾಗಿದ ಮೇಲೆ ಚೂರು ಹಿಂದೆ ಎಳೆದು, ರಕ್ತ ಬರುತ್ತದೋ ನೋಡಿ, ನಿಧಾನಕ್ಕೆ ಬಿಡಬೇಕು. ಎಷ್ಟು ಕೈ ಪಳಗಿದ್ದರೂ ಕೆಲವೊಮ್ಮೆ ತಪ್ಪುತ್ತದೆ. ತುಟಿ ಮರಗಟ್ಟಿರುತ್ತದೆ, ಡ್ರಿಲ್ ಮುಟ್ಟಿದರೆ ಕುರ್ಚಿಯಲ್ಲಿದ್ದವರು ಹಾರಿ ಬೀಳುತ್ತಾರೆ.

ಆಗ ಆರ್ಟಿಕೇನ್ ಬೇಕು. ಅದೇ ಹಲ್ಲಿನ ಹೊರಬದಿಯ ಒಸಡಿಗೆ ಹಾಕಿದರೆ ಬ್ಲಾಕ್ ಬಿಟ್ಟುಹೋದ ಕೆಲಸವನ್ನು ಬಹಳ ಸಲ ಇದು ಮುಗಿಸುತ್ತದೆ. ಆದರೆ ಬ್ಲಾಕ್ ಕೊಡುವುದಕ್ಕೆ ನಾನು ಇದನ್ನು ಬಳಸುವುದಿಲ್ಲ. ಅಲ್ಲಿ ಲಿಗ್ನೊಕೇನ್‌ಗಿಂತ ದೊಡ್ಡ ಲಾಭವೇನಿಲ್ಲ. ಮೇಲಾಗಿ 4% ಔಷಧಿಯಿಂದ ಬ್ಲಾಕ್ ಕೊಟ್ಟಾಗ ನಾಲಿಗೆ, ತುಟಿಯ ಜೋಮು ವಾರಗಟ್ಟಲೆ ಉಳಿದ ವರದಿಗಳಿವೆ. ಅಪರೂಪವೇ, ವಾದವೂ ಇನ್ನೂ ಮುಗಿದಿಲ್ಲ. ಆದರೂ ಸುಮ್ನೆ ಯಾಕೆ ರಿಸ್ಕು?

ಕೀವು ತುಂಬಿದ ಹಲ್ಲಿನ ಮುಂದೆ ಮಾತ್ರ ಎರಡೂ ಸೋಲುತ್ತವೆ. ಕೊಡವರ ಹಬ್ಬ ಕೈಲ್ ಮುಹೂರ್ತದ ಮರುದಿನ ಇಂಥವರು ಬಂದೇ ಬರುತ್ತಾರೆ. ಮೊದಲೇ ಹುಳುಕಾಗಿದ್ದ ಹಲ್ಲು, ಅದರ ಮೇಲೆ ಪಂದಿಕರಿಯ (ಹಂದಿ ಮಾಂಸದ ಸಾರು) ಮೂಳೆ ಕಡಿದಿರುತ್ತಾರೆ, ಕೆನ್ನೆ ಊದಿರುತ್ತದೆ. "ಈಗಲೇ ಕಿತ್ತುಬಿಡಿ, ಎಷ್ಟಾದರೂ ಆಗಲಿ, ಆ ದುಬಾರಿದೇ ಹಾಕಿ." ಕೀವಿರುವ ಜಾಗದಲ್ಲಿ ಆಮ್ಲ ಜಾಸ್ತಿ. ಔಷಧಿ ನರದ ಪೊರೆ ದಾಟಬೇಕಾದರೆ ಅದಕ್ಕೆ ವಿದ್ಯುದಂಶ ಇರಬಾರದು, ಆಮ್ಲದಲ್ಲಿ ಅದು ಕಳಚುವುದೇ ಇಲ್ಲ. ಹೆಸರು ಯಾವುದಾದರೇನು, ಔಷಧಿ ಬಾಗಿಲ ಹೊರಗೇ ಉಳಿಯುತ್ತದೆ. ಮೊದಲು ಕೀವು ತೆಗೆಯಬೇಕು, ಇಲ್ಲವೇ ದೂರದಿಂದ ಬ್ಲಾಕ್ ಕೊಡಬೇಕು.

ಬಿಪಿ, ಹೃದಯದ ತೊಂದರೆ ಇರುವವರ ವಿಷಯದಲ್ಲಿ ನಾನು ನೋಡುವುದು ಔಷಧಿಯ ಹೆಸರಿಗಿಂತ ಅಡ್ರಿನಲಿನ್‌ನ ಅಳತೆ. 1:80,000 ಅಂದರೆ ಒಂದು ಎಂಎಲ್‌ನಲ್ಲಿ 12.5 ಮೈಕ್ರೋಗ್ರಾಂ, 1:2,00,000 ಅಂದರೆ 5 ಮಾತ್ರ. ಹೃದ್ರೋಗಿಗಳಿಗೆ ಒಂದು ಸಲಕ್ಕೆ 40 ಮೈಕ್ರೋಗ್ರಾಂ ದಾಟಿಸಬಾರದು ಅನ್ನುವುದು ನಾವು ಪಾಲಿಸುವ ಮಿತಿ. ಹಾಗಂತ ಅಡ್ರಿನಲಿನ್ ಪೂರ್ತಿ ಬಿಟ್ಟರೆ ನೋವು ತಡೆಯಲಾಗದೆ ಅವರ ದೇಹವೇ ಅದನ್ನು ಸುರಿಸುತ್ತದೆ, ಅಲ್ವಾ? ಪೊನ್ನಂಪೇಟೆ ಕಡೆಯ ಅಜ್ಜ ಒಬ್ಬರನ್ನು ಕೇಳಿದೆ, "ಬಿಪಿ ಮಾತ್ರೆ ತಗೊಂಡಿದ್ದೀರಾ?" "ಇವತ್ತು ಇಂಜೆಕ್ಷನ್ ಇದೆಯಲ್ಲ, ಅದಕ್ಕೆ ಬಿಟ್ಟೆ" ಅಂದರು. ದಯವಿಟ್ಟು ಹಾಗೆ ಮಾಡಬೇಡಿ. ಅಡ್ರಿನಲಿನ್ ಬೇಡವೇ ಬೇಡ ಅನ್ನುವಂತಿದ್ದರೆ ಅದಿಲ್ಲದೆ ಕೊಡುವ 3% ಮೆಪಿವಕೇನ್ ಅನ್ನುವ ಮರಗಟ್ಟಿಸುವ ಔಷಧಿ ಇದೆ. ಬೇಗ ಇಳಿದುಹೋಗುತ್ತದೆ, ಸಣ್ಣ ಕೆಲಸಕ್ಕೆ ಸಾಕು.

ಬುಪಿವಕೇನ್ ಅನ್ನುವ ಇನ್ನೊಂದು ಔಷಧಿ ಇದಕ್ಕೆ ಪೂರ್ತಿ ಉಲ್ಟಾ, ಜೋಮು ಎಂಟು ಗಂಟೆಯವರೆಗೂ ಇರಬಹುದು. ಬುದ್ಧಿಹಲ್ಲು ಕೊಯ್ದು ತೆಗೆದವರಿಗೆ ರಾತ್ರಿಯ ನೋವು ತಪ್ಪುತ್ತದೆ. ಮಕ್ಕಳಿಗೆ ಮಾತ್ರ ಕೊಡುವುದಿಲ್ಲ. ಆರ್ಟಿಕೇನ್ ಕೂಡ ನಾಲ್ಕು ವರ್ಷದೊಳಗಿನವರಿಗೆ ಬೇಡ. ಲಿಗ್ನೊಕೇನ್ ಹಾಕಿದರೇ ಮಕ್ಕಳು ಮರಗಟ್ಟಿದ ತುಟಿಯನ್ನು ಆಟದ ಸಾಮಾನು ಅಂದುಕೊಂಡು ಕಚ್ಚಿ ಕಚ್ಚಿ ಹುಣ್ಣು ಮಾಡಿಕೊಳ್ಳುತ್ತಾರೆ. ಜೋಮು ಇಳಿಯುವ ತನಕ ಕಡಂಬಿಟ್ಟು (ಅಕ್ಕಿ ಉಂಡೆ) ಗಿಡಂಬಿಟ್ಟು ಏನೂ ಕೊಡಬೇಡಿ, ಮಗುವಿನ ಬಾಯಿಯ ಮೇಲೆ ಒಂದು ಕಣ್ಣಿಟ್ಟಿರಿ ಅಂತ ಅಜ್ಜಿಗೇ ಹೇಳಿ ಕಳಿಸುತ್ತೇನೆ. ತಾಯಿಗೆ ಹೇಳಿದರೆ ಅಜ್ಜಿ ಕೇಳಬೇಕಲ್ಲ!