ಎಂಎಎಚ್ ನೋಡಿ ಬ್ಯಾಟರಿ ಆರಿಸಿದೆ

ಮಂಗಳೂರಿನ ರೋಬೋ ಸಾಕರ್ (ರೋಬೋಟ್‌ಗಳ ಫುಟ್‌ಬಾಲ್) ಸ್ಪರ್ಧೆ ಮುಗಿಸಿ ಬಂದು ಎರಡು ವಾರವಾಯಿತು. ಆ 40 ಸೆಕೆಂಡ್ ಇನ್ನೂ ಕಣ್ಣೆದುರೇ ಉಂಟು.

ನಾನು ಉಡುಪಿ ಕಡೆಯ ಕಾಲೇಜೊಂದರ ಲ್ಯಾಬ್ ಇನ್‌ಸ್ಟ್ರಕ್ಟರ್. ಮಕ್ಕಳು ನಮ್ಮ ರೋಬೋಟಿಗೆ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಕೇಳಿದ್ದರು: 3ಎಸ್ (ಸರಣಿಯಲ್ಲಿ ಮೂರು ಸೆಲ್), 2200 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ), 30ಸಿ (ಆ ಸಾಮರ್ಥ್ಯದ 30 ಪಟ್ಟು ಕರೆಂಟ್ ಕೊಡಬಲ್ಲದು ಎಂದು). ಬೇಡ ಅಂದವನು ನಾನೇ. ಹೋದ ವರ್ಷ ಒಂದು ಲಿಪೋ ಊದಿಕೊಂಡಿತ್ತು. ಅದನ್ನು ಮರಳಿನ ಬಕೆಟ್‌ನಲ್ಲಿಟ್ಟು ಮನೆಗೆ ಹೋದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮತ್ತೆ ಇಂಡೆಂಟ್ (ಖರೀದಿಯ ಬೇಡಿಕೆ ಪತ್ರ) ಹಾಕಿದರೆ ಮೂರು ಕೊಟೇಶನ್, ನಾಲ್ಕು ಸಹಿ. ಮಾಲು ಬರುವಾಗ ಸ್ಪರ್ಧೆಯೇ ಮುಗಿದಿರುತ್ತದೆ. 18650 ಸೆಲ್ (ಸಿಲಿಂಡರ್ ಆಕಾರದ ಲಿಥಿಯಂ-ಅಯಾನ್ ಸೆಲ್) ಲ್ಯಾಬಿನಲ್ಲೇ ಇದ್ದವು. 3ಎಸ್2ಪಿ ಪ್ಯಾಕ್ (ಎರಡೆರಡು ಸೆಲ್ ಪ್ಯಾರಲಲ್, ಅಂಥ ಮೂರು ಜೋಡಿ ಸರಣಿಯಲ್ಲಿ) ಕಟ್ಟಿಸಿ, ಕರೆಂಟ್ ಮಿತಿ ಮೀರಿದರೆ ಕಟ್ ಮಾಡುವ ಬಿಎಂಎಸ್ ಸರ್ಕ್ಯೂಟ್ ಹಾಕಿಸಿದೆ. 5200 ಎಂಎಎಚ್, ಲಿಪೋದ ದುಪ್ಪಟ್ಟಿಗೂ ಮೇಲೆ. ನನ್ನ ಲೆಕ್ಕ ಅಲ್ಲಿಗೇ ನಿಂತಿತು. ಟೈಲ್ಸ್ ಮೇಲೆ ಓಡಿಸಿದಾಗ ಕ್ಲ್ಯಾಂಪ್ ಮೀಟರ್ 3 ಆಂಪ್ ತೋರಿಸಿತು.

ಮೂರು ನಿಮಿಷದ ಮ್ಯಾಚ್. ಮೊದಲ ಗೋಲು ನಮ್ಮದೇ. ಆಮೇಲೆ ಎದುರಿನ ತಂಡದ ಬೋಟ್ (ರೋಬೋಟ್) ನಮ್ಮದನ್ನು ಮೂಲೆಗೆ ಒತ್ತಿ ಹಿಡಿಯಿತು. ನಾಲ್ಕೂ ಚಕ್ರ ನಿಂತವು. ರಿಸೀವರ್ ದೀಪ ಒಮ್ಮೆ ಮಿಣುಕಿ ಆರಿತು.

"ಸರ್, ಎಂತ ಆಯ್ತು? ಕನೆಕ್ಟರ್ ಲೂಸಾ?"

"ರಿಮೋಟ್ ಆಫ್ ಮಾಡಿ ಆನ್ ಮಾಡು" ಅಂದೆ. ಅದೂ ತಪ್ಪು. ಕಟ್ ಮಾಡಿದ್ದು ಬಿಎಂಎಸ್. ಲೋಡ್ ಕಳಚದೆ ಅದು ಮತ್ತೆ ಬಿಡುವುದಿಲ್ಲ. ಅರೀನಾದೊಳಗೆ ಕೈ ಹಾಕುವಂತಿಲ್ಲ. ಉಳಿದ 40 ಸೆಕೆಂಡ್‌ನಲ್ಲಿ ಎರಡು ಗೋಲು ಹೋಯಿತು. ನಮ್ಮ ಬೋಟ್ ಓಡಿಸುತ್ತಿದ್ದ ಹುಡುಗಿ ಕೊನೆಯವರೆಗೂ ರಿಮೋಟಿನ ಸ್ಟಿಕ್ ತಳ್ಳುತ್ತಲೇ ಇದ್ದಳು.

ಸ್ಟಾಲ್ ಆದರೆ, ಅಂದರೆ ತಿರುಗಲಾಗದೆ ನಿಂತರೆ, ಒಂದು ಮೋಟರಿಗೆ 8 ಆಂಪ್ ಎಂದು ಡೇಟಾಶೀಟ್‌ನಲ್ಲೇ ಇತ್ತು. ನಾಲ್ಕಕ್ಕೆ 32. ನಮ್ಮ ಸೆಲ್ಲಿನ ಮಿತಿ 5, ಎರಡು ಪ್ಯಾರಲಲ್ ಇದ್ದದ್ದರಿಂದ 10. ಬಿಎಂಎಸ್ ಕಟ್ ಆಗುವುದು 20ಕ್ಕೆ. ಮಕ್ಕಳು ಕೇಳಿದ ಲಿಪೋ ಲೇಬಲ್ ಪ್ರಕಾರ 66 ಆಂಪ್ ಕೊಡುತ್ತದೆ, ಅರ್ಧವನ್ನಷ್ಟೇ ನಂಬಿದರೂ 33. ನಾನು ಹಿಂದೆ ಬಿದ್ದ ಎಂಎಎಚ್ ಎಷ್ಟು ಬೇಕಿತ್ತು? ಸರಾಸರಿ 12 ಆಂಪ್ ಎಳೆದರೂ ಮೂರು ನಿಮಿಷಕ್ಕೆ ಬರೀ 600.

ಪಡುಬಿದ್ರಿ ದಾಟುವವರೆಗೆ ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅವಳೇ ಕೇಳಿದಳು: "ಸರ್, ಲ್ಯಾಬಲ್ಲಿ ಬೋಟನ್ನು ಗೋಡೆಗೆ ಒತ್ತಿ ನೋಡಿದ್ದರೆ ಗೊತ್ತಾಗ್ತಿತ್ತಲ್ಲ?"

ಮರುದಿನ ಅದನ್ನೇ ಮಾಡಿದೆವು. ಗೋಡೆಗೆ ತಾಗಿ ಒತ್ತಿದ್ದೇ ತಡ, ಬೋಟ್ ಸತ್ತಿತು. ಲಿಪೋಗೆ ಅಂದೇ ಇಂಡೆಂಟ್ ಹಾಕಿದೆ. ಬ್ಯಾಲೆನ್ಸ್ ಚಾರ್ಜರ್, ವೋಲ್ಟೇಜ್ ಬಝರ್, ಬೆಂಕಿ ತಡೆಯುವ ಚೀಲವನ್ನೂ ಸೇರಿಸಿದೆ. ಸ್ಪರ್ಧೆ ಇಲ್ಲದ ದಿನಗಳಲ್ಲಿ ಲಿಪೋವನ್ನು ಒಂದೊಂದು ಸೆಲ್ಲಿಗೆ 3.8 ವೋಲ್ಟ್‌ನಂತೆ ಇಡಬೇಕು ಎಂದು ದೊಡ್ಡದಾಗಿ ಬರೆದು ಕಪಾಟಿಗೆ ಅಂಟಿಸಿದೆ. ಹೋದ ವರ್ಷ ಊದಿದ ಲಿಪೋ ಬೇಸಿಗೆ ರಜೆಯಿಡೀ ಫುಲ್ ಚಾರ್ಜ್‌ನಲ್ಲಿ ಅದೇ ಕಪಾಟಿನ ಸೆಕೆಯಲ್ಲಿ ಬಿದ್ದಿತ್ತು. ಇಟ್ಟವನು ನಾನೇ.