ಗೋಲು ಎಣಿಸುವ ಮುಂಚೆ ಅವನ ಕತ್ತು ನೋಡಿ

ಬಳ್ಳಾರಿಯ ಗರಸಿನ ಮೈದಾನದಲ್ಲಿ ಹದಿನಾಲ್ಕರ ಹುಡುಗನೊಬ್ಬ ಫುಟ್‌ಬಾಲ್ ಪಂದ್ಯಕ್ಕೆ ಮೂರು ಗೋಲು ಹೊಡೆದನೆಂದರೆ ಮನೆಯವರು ಅಕಾಡೆಮಿಯ ದಾರಿ ಕೇಳಲು ಶುರು ಮಾಡುತ್ತಾರೆ. ಕೇಳುವುದು ತಪ್ಪಲ್ಲ. ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿ ಮಾಡಿದ್ದು ನಮ್ಮದೇ ಜಿಲ್ಲೆಯಲ್ಲಿ, ತೋರಣಗಲ್ಲಿನ ಹತ್ತಿರ. ಆದರೆ ಆ ಮೂರು ಗೋಲನ್ನಷ್ಟೇ ನಂಬಿ ಹುಡುಗನನ್ನು ಅಳೆದರೆ ಮೋಸ ಹೋಗುತ್ತೇವೆ.

ಈ ವಯಸ್ಸಿನಲ್ಲಿ ಎಷ್ಟೋ ಗೋಲು ಬರುವುದು ಮೈಕಟ್ಟಿನಿಂದ. ಗಂಡುಮಕ್ಕಳು 13, 14ರ ಸುಮಾರಿಗೆ ದಿಢೀರನೆ ಎತ್ತರವಾಗುತ್ತಾರೆ, ವರ್ಷಕ್ಕೆ 8ರಿಂದ 10 ಸೆಂಟಿಮೀಟರ್. ಹೆಣ್ಣುಮಕ್ಕಳಿಗೆ ಇದು ಸುಮಾರು ಎರಡು ವರ್ಷ ಮೊದಲೇ ಆಗುತ್ತದೆ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವಯೋಮಿತಿಯಲ್ಲಿ ಆಡುವುದರಿಂದ ಅಂತರ ಇನ್ನೂ ದೊಡ್ಡದು. ಬೇಗ ಬೆಳೆದವನು ಚೆಂಡು ಮುಂದೆ ತಳ್ಳಿ ಓಡಿದರೆ ಸಾಕು, ಹಿಡಿಯುವವರಿಲ್ಲ. ಹದಿನೇಳಕ್ಕೆ ಉಳಿದವರೂ ಅಷ್ಟೇ ಬೆಳೆದು ನಿಂತಾಗ ಆ ಒಂದೇ ವಿದ್ಯೆ ಕೈಕೊಡುತ್ತದೆ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಹಾಕಿ: ಬರೀ ಓಟದಿಂದ ಬಂದ ಗೋಲು ಒಂದರಲ್ಲಿ, ಜಾಗ ಹುಡುಕಿ ಹೊಡೆದದ್ದು ಇನ್ನೊಂದರಲ್ಲಿ.

ಜಾಗ ಹುಡುಕುವ ಗುಣ ಕಾಣುವುದು ಕತ್ತಿನಲ್ಲಿ. ಒಂದು ಪಂದ್ಯ ಪೂರ್ತಿ ಚೆಂಡನ್ನು ಬಿಟ್ಟು ಅವನೊಬ್ಬನನ್ನೇ ನೋಡಿ. ಪಾಸ್ ಬರುವ ಮುಂಚಿನ ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಭುಜದ ಮೇಲಿಂದ ಹಿಂದಕ್ಕೆ ನೋಡಿದ? ಒಮ್ಮೆಯೂ ನೋಡದವನು ಚೆಂಡು ಕಾಲಿಗೆ ಬಂದ ಮೇಲೆ ಯೋಚಿಸತೊಡಗುತ್ತಾನೆ. ಅಷ್ಟರಲ್ಲಿ ಡಿಫೆಂಡರ್ ಬೆನ್ನಿಗೆ ಬಂದಿರುತ್ತಾನೆ. ಆಮೇಲೆ ಓಟ ಯಾವಾಗ ಹೊರಡುತ್ತದೆ ಗಮನಿಸಿ. ಮಿಡ್‌ಫೀಲ್ಡರ್ ತಲೆ ಎತ್ತಿದಾಗ ಹೊರಡಬೇಕು, ಚೆಂಡು ಅವನ ಕಾಲು ಬಿಟ್ಟ ಮೇಲೆ ಹೊರಟರೆ ತಡವಾಯಿತು. ಪದೇ ಪದೇ ಆಫ್‌ಸೈಡ್ ಆಗುವವನನ್ನು, ಅಂದರೆ ಪಾಸ್ ಹೊರಡುವ ಮುಂಚೆಯೇ ಡಿಫೆನ್ಸ್ ಸಾಲು ದಾಟಿಬಿಡುವವನನ್ನು, ಬೈಯುವ ಬದಲು ನಿಲುವು ನೋಡಿ. ಗೋಲಿಗೆ ಪೂರ್ತಿ ಮುಖ ಮಾಡಿದವನಿಗೆ ಪಾಸ್ ಕೊಡುವವನು ಕಾಣುವುದಿಲ್ಲ, ಚೆಂಡಿಗೆ ಪೂರ್ತಿ ಮುಖ ಮಾಡಿದವನಿಗೆ ಡಿಫೆನ್ಸ್ ಸಾಲು ಕಾಣುವುದಿಲ್ಲ. ಓರೆಯಾಗಿ ನಿಂತು, ಸಾಲಿನ ಗುಂಟ ಎರಡು ಹೆಜ್ಜೆ ಓಡಿ, ಆಮೇಲೆ ಒಳಗೆ ತಿರುಗುವುದನ್ನು ಕಲಿಸಬಹುದು. ಕ್ರಾಸ್, ಅಂದರೆ ಮೈದಾನದ ಬದಿಯಿಂದ ಗೋಲಿನ ಮುಂದಕ್ಕೆ ಹೊಡೆದ ಚೆಂಡು, ಬರುವಾಗ ಹತ್ತಿರದ ಕಂಬದತ್ತ ಹೆಜ್ಜೆ ಇಟ್ಟು ಡಿಫೆಂಡರನನ್ನು ಎಳೆದೊಯ್ದು, ತಾನು ದೂರದ ಕಂಬದ ಕಡೆ ಜಾರಿಕೊಳ್ಳುವುದನ್ನು ಯಾರೂ ಹೇಳಿಕೊಡದೆ ಮಾಡುವ ಹುಡುಗ ಅಪರೂಪ. ನನ್ನ ಲೆಕ್ಕದಲ್ಲಿ ಅದು ಹತ್ತು ಗೋಲಿಗೆ ಸಮ.

ಎತ್ತರ ಕಡಿಮೆ ಎಂದು ಹುಡುಗನನ್ನು ಪಕ್ಕಕ್ಕಿಡುವುದು ದೊಡ್ಡ ಅನ್ಯಾಯ. ದೇಶಕ್ಕಾಗಿ 90ಕ್ಕೂ ಹೆಚ್ಚು ಗೋಲು ಹೊಡೆದ ಸುನಿಲ್ ಛೆಟ್ರಿ ಸುಮಾರು 170 ಸೆಂಟಿಮೀಟರ್ ಎತ್ತರದವರು. ತಲೆಯಿಂದ ಅವರು ಹೊಡೆದ ಗೋಲುಗಳನ್ನು ಮತ್ತೆ ನೋಡಿ. ನೆಗೆತಕ್ಕಿಂತ ಮೊದಲು ಅವರು ಜಾಗಕ್ಕೆ ಬಂದಿರುವುದೇ ಎದ್ದು ಕಾಣುತ್ತದೆ.

ಹೊಡೆತ ಅಳೆಯಲು 20 ಚೆಂಡು ಸಾಕು. ಗೋಲಿನ ಅಗಲ 7.32 ಮೀಟರ್, ಎರಡೂ ಕಂಬಗಳಿಂದ ಒಂದು ಮೀಟರ್ ಒಳಗೆ ಕೋನ್ ಇಡಿ. ಪೆನಾಲ್ಟಿ ಚುಕ್ಕೆಯ ಆಸುಪಾಸು, ಅಂದರೆ 11 ಮೀಟರಿನಿಂದ, ಉರುಳಿ ಬರುವ ಚೆಂಡನ್ನು ಬಲಗಾಲಲ್ಲಿ ಐದು, ಎಡಗಾಲಲ್ಲಿ ಐದು, ಕ್ರಾಸಿಗೆ ಒಂದೇ ಹೊಡೆತದಲ್ಲಿ ಐದು, ಗೋಲ್‌ಕೀಪರನ ಎದುರು ಒಂಟಿಯಾಗಿ ಐದು. ನಿಂತ ಚೆಂಡು ಬೇಡ, ಪಂದ್ಯದಲ್ಲಿ ಸ್ಟ್ರೈಕರಿಗೆ ಅದು ಸಿಗುವುದೇ ಅಪರೂಪ. ಬಳಿಕ 30 ಮೀಟರಿನ ಆರು ಓಟ, ನಡುವೆ 20 ಸೆಕೆಂಡ್ ಬಿಡುವು, ಕೂಡಲೇ ಅದೇ 20 ಚೆಂಡು ಮತ್ತೊಮ್ಮೆ. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಕೊನೆಯ ಹದಿನೈದು ನಿಮಿಷದಲ್ಲಿ ಅವನು ಏನಾಗುತ್ತಾನೆ ಎಂಬುದರ ಸುಳಿವು ಕೊಡುತ್ತದೆ. ಚೆಂಡು ಮೇಲೆ ಹಾರುತ್ತಿದ್ದರೆ ಊರುವ ಕಾಲು ಚೆಂಡಿಗಿಂತ ಹಿಂದೆ ಬೀಳುತ್ತಿದೆ, ಮೈ ಹಿಂದಕ್ಕೆ ವಾಲುತ್ತಿದೆ. ಇದು ತಿದ್ದುವಂಥ ತಪ್ಪು. ಎಡಗಾಲು ಬರದೇ ಇರುವುದೂ ಅಷ್ಟೇ.

ವೇಗಕ್ಕೆ 30 ಮೀಟರ್ ಓಡಿಸಿ, ಆದರೆ ಮೊದಲ 5 ಮತ್ತು 10 ಮೀಟರಿನ ಸಮಯ ಬೇರೆ ಬರೆಯಿರಿ. ಸ್ಟಾಪ್‌ವಾಚ್ ಒತ್ತುವ ಬೆರಳು ತಪ್ಪುತ್ತದೆ. ಮೊಬೈಲಿನ ಸ್ಲೋ ಮೋಷನ್ ವಿಡಿಯೋ ಹೆಚ್ಚು ನಂಬಿಕೆಯದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಏಳರೊಳಗೆ ಮುಗಿಸಿ.

ಇನ್ನು ನೆಲ. ಮಸಾರಿ, ಗರಸಿನ ಮೇಲೆ ಚೆಂಡು ಪುಟಿದು ಓಡುತ್ತದೆ, ಹಾಗಾಗಿ ನಮ್ಮ ಹುಡುಗರು ಅದನ್ನು ಬಹಳ ಮೆತ್ತಗೆ ತಡೆಯುವುದನ್ನು ಕಲಿತಿರುತ್ತಾರೆ. ಹುಲ್ಲಿನ ಮೇಲೆ ಅದೇ ಸ್ಪರ್ಶಕ್ಕೆ ಚೆಂಡು ಕಾಲಡಿಯಲ್ಲೇ ಸಿಕ್ಕಿಕೊಳ್ಳುತ್ತದೆ, ನೋಡುವವರು ಹುಡುಗ ನಿಧಾನ ಎನ್ನುತ್ತಾರೆ. ಗರಸಿನಲ್ಲಿ ಜಾರಿ ಬಿದ್ದರೆ ಮೊಣಕಾಲಿನ ಚರ್ಮ ಕಿತ್ತುಬರುತ್ತದೆ. ಅವನು ಬೀಳಲು ಹಿಂಜರಿದರೆ ಅದು ಅಂಜುಬುರುಕತನವಲ್ಲ. ಟ್ರಯಲ್ಸ್ ಹುಲ್ಲಿನಲ್ಲಿದ್ದರೆ ಅದಕ್ಕೂ ಮೊದಲು ಮೂರ್ನಾಲ್ಕು ದಿನವಾದರೂ ಹುಲ್ಲಿನ ಮೇಲೆ ಆಡಿಸಿ.

ಮಂಡಿಚಿಪ್ಪಿನ ಕೆಳಗೆ ಉಬ್ಬು, ಒತ್ತಿದರೆ ನೋವು ಇದ್ದರೆ ವೈದ್ಯರಿಗೆ ತೋರಿಸಿ. ಬೆಳೆಯುವ ಮಕ್ಕಳಲ್ಲಿ ಮೂಳೆಗೆ ಸ್ನಾಯುರಜ್ಜು ಅಂಟುವ ಜಾಗ ಎಳೆತಕ್ಕೆ ಹೀಗೆ ಕೆರಳುತ್ತದೆ. ಆಗ ನೆಗೆತ, ಓಟ ಕಡಿಮೆ ಮಾಡಿ. ನೋವಿದ್ದ ತಿಂಗಳುಗಳ ಓಟ, ಹೊಡೆತದ ಅಂಕೆಗಳನ್ನು ಬರೆದಿಡಿ, ಆದರೆ ಪಕ್ಕದಲ್ಲಿ ಎತ್ತರವನ್ನೂ ಬರೆಯಿರಿ. ಮೂರು ತಿಂಗಳಿಗೊಮ್ಮೆ ಬರಿಗಾಲಲ್ಲಿ, ಅದೇ ಗೋಡೆಗೆ ನಿಲ್ಲಿಸಿ ಅಳೆದ ಎತ್ತರ.