ಕಾದರೆ ಸಿಗುತ್ತಾ?

“ಸಾರ್, ಚಾಯ್ಸ್ 2 ಕೊಟ್ಟಿದ್ದೀವಿ. ಕಾದರೆ ಮೇಲಿನ ಕಾಲೇಜು ಸಿಗುತ್ತಾ?”

ಸಿಇಟಿ ಸೀಟು ಹಂಚಿಕೆ ಶುರುವಾದರೆ ಸಾಕು, ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ವಾಕಿಂಗ್‌ನಲ್ಲಿ ಬರುತ್ತದೆ, ಹಾಲಿನ ಬೂತಿನ ಎದುರು ಬರುತ್ತದೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಬಂತು. ಡಾಕ್ಟರ ಮಗ ಆ ವರ್ಷ ಪಿಯು ಮುಗಿಸಿದ್ದ. 2024ರಲ್ಲಿ ಮಗಳ ಸೀಟಿಗಾಗಿ ಒದ್ದಾಡಿದ ಮೇಲೆ, ನಮ್ಮ ಬೀದಿಯಲ್ಲಿ ನಾನು ಈ ವಿಷಯಕ್ಕೆ ಪಂಡಿತ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋವು ಬಂದಿದೆ. ಒಂದೇ ಸಲ ಬರೆದಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಉತ್ತರ: ಗೊತ್ತಿಲ್ಲ.

“ಗೊತ್ತಿರುತ್ತೆ, ನೀವು ಹೇಳಲ್ಲ ಅಷ್ಟೆ” ಅನ್ನುವವರು ಇದ್ದಾರೆ. “ಪಾಸಿಟಿವ್ ಆಗಿ ಹೇಳಿ ಸಾರ್” ಅನ್ನುವವರೂ ಇದ್ದಾರೆ. ಸ್ವಾಮಿ, ನಾನು ಹೇಗೆ ಹೇಳಿದರೂ ಕಂಪ್ಯೂಟರಿಗೆ ಕೇಳಿಸುವುದಿಲ್ಲ.

ಈ ಗೋಜಲು ಗೊತ್ತಿಲ್ಲದ ಪುಣ್ಯವಂತರಿಗೆ ಇಷ್ಟು ಹೇಳಿಬಿಡುತ್ತೇನೆ. ಎಂಜಿನಿಯರಿಂಗ್‌ಗಾದರೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿ ರ್ಯಾಂಕ್. ಆಮೇಲೆ ಬೇಕಾದ ಕಾಲೇಜು, ಕೋರ್ಸುಗಳನ್ನು ಒಂದರ ಕೆಳಗೊಂದು ಬರೆಯಬೇಕು. ಇದು ಆಪ್ಷನ್ ಎಂಟ್ರಿ. ಕಂಪ್ಯೂಟರು ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ. ನಿಮ್ಮ ರ್ಯಾಂಕಿಗೂ ಕೆಟಗರಿಗೂ ಎಟುಕುವ ಮೊದಲ ಸೀಟು ಸಿಕ್ಕ ಕೂಡಲೇ ಅಲ್ಲೇ ನಿಂತುಬಿಡುತ್ತದೆ. ಅದರ ಕೆಳಗೆ ನೀವು ಏನು ಬರೆದಿದ್ದೀರಿ ಎಂದು ಕಣ್ಣೆತ್ತಿಯೂ ನೋಡುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸೀಟು ಸಿಕ್ಕ ಮೇಲೆ ನಾಲ್ಕು ಚಾಯ್ಸ್. ಒಂದು, ಒಪ್ಪಿಕೊಂಡು ಹೋಗಿ ಸೇರುವುದು. ಎರಡು, ಇದನ್ನು ಹಿಡಿದುಕೊಂಡು ಮೇಲಿನದಕ್ಕೆ ಕಾಯುವುದು. ಮೂರು, ಇದು ಬೇಡ ಎಂದು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು. ನಾಲ್ಕು, ಕೈಮುಗಿದು ಮನೆಗೆ ಹೋಗುವುದು. ಎರಡನೆಯದಕ್ಕೆ ಯಾರೂ ವೇಟಿಂಗ್ ಲಿಸ್ಟ್ ಅನ್ನುವುದಿಲ್ಲ. ಆದರೆ ಅದು ವೇಟಿಂಗ್ ಲಿಸ್ಟೇ.

ಆ ವರ್ಷ ನಮಗೆ ಕಾಯುವುದಕ್ಕೆ ಚೆನ್ನಾಗಿ ಅಭ್ಯಾಸ ಮಾಡಿಸಿದ್ದರು ಬಿಡಿ. ಏಪ್ರಿಲ್ 18, 19ಕ್ಕೆ ಪರೀಕ್ಷೆ ಆಯಿತು. ಪಠ್ಯದಲ್ಲೇ ಇಲ್ಲದ ಪ್ರಶ್ನೆಗಳು ಬಂದಿವೆ ಎಂದು ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆ ಕೈಬಿಟ್ಟು ಜೂನ್ 1ಕ್ಕೆ ಫಲಿತಾಂಶ ಕೊಟ್ಟರು. ಅಷ್ಟರಲ್ಲಿ ನೀಟ್ ಗಲಾಟೆ ಶುರುವಾಯಿತು. ಅದು ಸುಪ್ರೀಂ ಕೋರ್ಟಿಗೆ ಹೋಗಿ, ಮರುಪರೀಕ್ಷೆ ಇಲ್ಲ ಎಂದು ತೀರ್ಮಾನ ಆಗುವಾಗ ಜುಲೈ 23. ನನ್ನ ಮಗಳು ನೀಟ್ ಬರೆದೇ ಇರಲಿಲ್ಲ. ಆದರೂ ಅದಕ್ಕೂ ಕಾದೆವು. ಯಾಕೆಂದರೆ ಮೆಡಿಕಲ್ ಸೀಟು ಸಿಕ್ಕವರು ಎಂಜಿನಿಯರಿಂಗ್ ಬಿಡುತ್ತಾರೆ, ಐಐಟಿ, ಎನ್‌ಐಟಿ ಸಿಕ್ಕವರು ಇಲ್ಲಿಂದ ಹೋಗುತ್ತಾರೆ, ಖಾಸಗಿ ಕಾಲೇಜುಗಳ ಬೇರೆ ಪರೀಕ್ಷೆಯಾದ ಕಾಮೆಡ್‌ಕೆಯಲ್ಲಿ ಸೀಟು ಸಿಕ್ಕವರು ಲೆಕ್ಕ ಹಾಕುತ್ತಾ ಕೂರುತ್ತಾರೆ. ಅವರು ಎದ್ದರೆ ಇವರು ಕೂರಬಹುದು. ಕಾದರೆ ಸಿಗುತ್ತಾ ಅಂದರೆ, ಮುಖವನ್ನೇ ನೋಡದ ಯಾರೋ ಒಬ್ಬ ಹುಡುಗ ತನ್ನ ಮನೆಯ ಹಾಲ್‌ನಲ್ಲಿ ಕೂತು ಏನು ತೀರ್ಮಾನ ಮಾಡುತ್ತಾನೆ ಎಂದು ನನ್ನನ್ನು ಕೇಳಿದ ಹಾಗೆ. ನನಗೆ ಹೇಗೆ ಗೊತ್ತಿರಬೇಕು?

ಹುಡುಗ ಇದ್ದರೆ ಅದೂ ಸರಿ. ಅದೇ ವರ್ಷದ ಕೊನೆಗೆ ಸೀಟ್ ಬ್ಲಾಕಿಂಗ್ ನಡೆದಿದೆ ಎಂದು ಪರೀಕ್ಷಾ ಪ್ರಾಧಿಕಾರವೇ ಮಲ್ಲೇಶ್ವರಂ ಪೊಲೀಸರಿಗೆ ದೂರು ಕೊಟ್ಟಿತು. ಕೆಲವರನ್ನು ಹಿಡಿದದ್ದೂ ಆಯಿತು. ಸೇರುವ ಉದ್ದೇಶವೇ ಇಲ್ಲದವರ ಹೆಸರಲ್ಲಿ ಒಳ್ಳೆ ಸೀಟು ಹಿಡಿದಿಟ್ಟು, ಕೊನೆಯಲ್ಲಿ ಬಿಡುವುದು. ಪೇಪರಿನಲ್ಲಿ ಅದನ್ನು ಓದಿದ ದಿನ ಕಾಫಿ ಆರಿಹೋಯಿತು. ಕ್ಯೂನಲ್ಲಿ ನಮ್ಮ ಮುಂದೆ ನಿಂತಿದ್ದವರಲ್ಲಿ ಎಷ್ಟು ಜನ ಮನುಷ್ಯರು, ಎಷ್ಟು ಬರೀ ಚಪ್ಪಲಿ?

ಇಷ್ಟೆಲ್ಲ ಹೇಳಿದ್ದು ಸಿಟ್ಟು ತೀರಿಸಿಕೊಳ್ಳಲು. ನಿಜವಾಗಿ ನನ್ನ ತಲೆಯಲ್ಲಿ ಕೂತಿರುವುದು ಆ ವರ್ಷದ ಗಣೇಶನ ಹಬ್ಬ.

ಚಾಯ್ಸ್ 2 ಒತ್ತಿ, ಫೀಸು ಕಟ್ಟಿ, ಎರಡನೇ ಸುತ್ತಿಗೆ ಕಾಯುತ್ತಾ ಇದ್ದೆವು. ಅಣ್ಣನ ಮನೆಯಲ್ಲಿ ಊಟ. ಸಾಲಾಗಿ ಎಲೆ ಹಾಕಿದ್ದರು. ಅತ್ತಿಗೆ ಒಬ್ಬಟ್ಟು ಬಡಿಸುತ್ತಾ ಬಂದರು, ಮಗಳ ಎಲೆಯ ಮುಂದೆ ನಿಂತರು.

“ಪುಟ್ಟೀ, ಇನ್ನೂ ಸೀಟು ಆಗಿಲ್ವೇನೇ?”

ಆ “ಇನ್ನೂ” ಇದೆಯಲ್ಲ, ಅದರ ಮೇಲೆ ನನಗೆ ಕೋಪ. “ಸೀಟು ಆಯ್ತಾ?” ಅಂದರೆ ಅದು ಪ್ರಶ್ನೆ. “ಇನ್ನೂ ಆಗಿಲ್ವಾ?” ಅಂದರೆ ತೀರ್ಪು. ಮದುವೆಗೆ, ಮಗುವಿಗೆ, ಕೆಲಸಕ್ಕೆ, ಮನೆ ಕಟ್ಟುವುದಕ್ಕೆ, ಎಲ್ಲದಕ್ಕೂ ನಮ್ಮವರು ಇದೇ ಎರಡಕ್ಷರ ಇಟ್ಟುಕೊಂಡಿದ್ದಾರೆ. ಸಾಲಿನಲ್ಲಿದ್ದ ಅಷ್ಟೂ ಜನ ಅನ್ನ ಕಲಸುವುದನ್ನು ನಿಲ್ಲಿಸಿ ತಿರುಗಿದರು.

“ಆಗಿದೆ ದೊಡ್ಡಮ್ಮ, ಚಾಯ್ಸ್ ಟೂ” ಅಂದಳು.

“ಹಂಗಂದ್ರೆ? ವೇಟಿಂಗ್ ಲಿಸ್ಟಾ?”

“ಅಲ್ಲ, ರೈಲಿನ ಆರ್‌ಎಸಿ. ಕೂರೋಕೆ ಜಾಗ ಇದೆ, ಮಲಗೋಕೆ ಇಲ್ಲ.”

ಎಲ್ಲರೂ ನಕ್ಕರು. ಅತ್ತಿಗೆ ತುಪ್ಪ ಜಾಸ್ತಿ ಹಾಕಿದರು. ಎದುರು ಸಾಲಿನಿಂದ ಯಾರೋ “ಸುಮ್ನೆ ಮ್ಯಾನೇಜ್‌ಮೆಂಟ್ ಸೀಟು ತಗೊಂಡುಬಿಡಿ, ತಲೆನೋವೇ ಇರಲ್ಲ” ಅಂದರು, ತಮ್ಮ ದುಡ್ಡಿನಲ್ಲೇ ಕೊಡಿಸುವವರ ಹಾಗೆ. ಮಗಳು ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಕೋಸಂಬರಿ ತಿನ್ನುವುದರಲ್ಲಿ ಮುಳುಗಿದಳು. ಆ ನೋಟದ ಅರ್ಥ ಆ ಸಾಲಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಕಾದರೆ ಸಿಗುತ್ತಾ ಎಂದು ನೂರು ಜನ ಕೇಳಿದ್ದಾರೆ. ಯಾವುದಕ್ಕೆ ಕಾಯುತ್ತಾ ಇದ್ದಿರಿ, ಆ ಪಟ್ಟಿ ಬರೆದವರು ಯಾರು ಎಂದು ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆನೋ ಏನೋ. ಆದರೂ ಕೇಳಬಹುದಿತ್ತು.

ಅವಳಿಗೆ ಬೇಕಾಗಿದ್ದದ್ದು ಎಲೆಕ್ಟ್ರಾನಿಕ್ಸ್. ಅದೂ ನಮ್ಮ ಮೈಸೂರಿನಲ್ಲೇ, ಮನೆಯಿಂದ ಸ್ಕೂಟಿಯಲ್ಲಿ ಹತ್ತು ನಿಮಿಷದ ಕಾಲೇಜು. ಒಂಬತ್ತನೇ ಕ್ಲಾಸಿನಲ್ಲಿ ಮನೆಯ ಕಾಲಿಂಗ್ ಬೆಲ್ ಬಿಚ್ಚಿ ಜೋಡಿಸಿದವಳು. ಅವತ್ತಿನಿಂದ ಅದು ಎರಡು ಸಲ ಬಾರಿಸುತ್ತದೆ, ಅದು ಬೇರೆ ಮಾತು. ಅವಳ ಪಟ್ಟಿಯಲ್ಲಿ ಆ ಸೀಟೇ ಮೊದಲ ಸಾಲು. ಮೊದಲು ಅಣಕು ಸೀಟು ಹಂಚಿಕೆ ಮಾಡುತ್ತಾರೆ, ಈ ಪಟ್ಟಿಗೆ ಏನು ಸಿಗಬಹುದು ಎಂದು ತೋರಿಸಲು. ಅಣಕು ಎಂಬ ಪದ ಆರಿಸಿದವರಿಗೆ ನನ್ನ ನಮಸ್ಕಾರ, ಅದಕ್ಕಿಂತ ಸರಿಯಾದ ಪದ ಇಲ್ಲ. ಅದರಲ್ಲಿ ಅವಳಿಗೆ ಅದೇ ಸೀಟು ಬಂತು. ಮನೆಯಲ್ಲಿ ಪಾಯಸ ಆಯಿತು.

ಅಣಕು ಮುಗಿದ ಮೇಲೆ ಪಟ್ಟಿ ಬದಲಾಯಿಸಲು ಕೆಲವು ದಿನ ಬಿಡುತ್ತಾರೆ. ಅಲ್ಲಿ ನನ್ನ ಬುದ್ಧಿ ಓಡಿತು. ಇದು ಹೇಗೂ ಗ್ಯಾರಂಟಿ, ಮೇಲೆ ನಾಲ್ಕು ಹಾಕಿದರೆ ನಷ್ಟ ಏನು? ಆಫೀಸಿನಲ್ಲಿ ಎಲ್ಲರೂ ಕಂಪ್ಯೂಟರ್ ಸೈನ್ಸ್, ಬೆಂಗಳೂರು ಎಂದು ಜಪ ಮಾಡುತ್ತಿದ್ದರು. ನಾನು ಹಿಂದಿನ ವರ್ಷದ ಕಟ್ ಆಫ್‌ಗಳನ್ನು ಎಕ್ಸೆಲ್‌ನಲ್ಲಿ ಹಾಕಿ, ಹಳದಿ, ಹಸಿರು ಬಣ್ಣ ಬಳಿದು, ಕಾಲೇಜು ಕೋಡ್‌ಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಕೊನೆಯ ದಿನ ರಾತ್ರಿ ಅವಳು ಮಲಗಿದ ಮೇಲೆ ಲಾಗಿನ್ ಆದೆ. ಪಾಸ್‌ವರ್ಡ್ ಬರೆದ ಚೀಟಿ ಫ್ರಿಜ್ಜಿನ ಮೇಲೇ ಅಂಟಿಸಿತ್ತು. ಅವಳ ಮೊದಲ ಸಾಲಿನ ಮೇಲೆ ಐದು ಸಾಲು ಸೇರಿಸಿದೆ. ಐದೂ ಕಂಪ್ಯೂಟರ್ ಸೈನ್ಸ್, ಐದೂ ಬೆಂಗಳೂರು. ಬೆಳಿಗ್ಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ನಾನೇ ಸಮಾಧಾನ ಮಾಡಿದೆ: “ಸಿಗಲ್ಲ ಬಿಡೇ, ಸುಮ್ನೆ ಹಾಕಿದ್ದು.”

ಸಿಕ್ಕಿತು. ಐದನೆಯದು. ಬೆಂಗಳೂರು ಎಂದು ಹೆಸರಿಗೆ, ಬಸ್ಸು ಇಳಿದರೆ ಎದುರಿಗೆ ದ್ರಾಕ್ಷಿ ತೋಟ.

ಹೇಳಿದ್ದೆನಲ್ಲ, ಕಂಪ್ಯೂಟರು ಕೆಳಗಿನ ಸಾಲನ್ನು ನೋಡುವುದಿಲ್ಲ ಎಂದು. ಅವಳ ಎಲೆಕ್ಟ್ರಾನಿಕ್ಸ್ ಈಗ ಆರನೇ ಸಾಲು. ಚಾಯ್ಸ್ 2 ಒತ್ತಿದರೆ ಸಿಕ್ಕಿದ್ದಕ್ಕಿಂತ ಮೇಲಿನ ಸಾಲುಗಳು ಮಾತ್ರ ಲೆಕ್ಕಕ್ಕೆ. ಪೂರ್ತಿ ಬಿಟ್ಟು ಕಾಯೋಣ ಎಂದರೆ ನನಗೆ ಧೈರ್ಯ ಬರಲಿಲ್ಲ. ಅಂದರೆ ಆ ಹಬ್ಬದ ದಿನ ನಾವು ಏನು ಮಾಡುತ್ತಿದ್ದೆವು ಗೊತ್ತಾ? ಅವಳಿಗೆ ಬೇಡದ ಒಂದು ಸೀಟನ್ನು ಹಿಡಿದುಕೊಂಡು, ಅವಳಿಗೆ ಬೇಡದ ಇನ್ನೂ ನಾಲ್ಕು ಸೀಟುಗಳಿಗೆ ಕಾಯುತ್ತಿದ್ದೆವು. ಆ ನಾಲ್ಕು ನನ್ನ ಎಕ್ಸೆಲ್ಲಿಗೆ ಬೇಕಾಗಿದ್ದವು. ಇಷ್ಟನ್ನೂ ಅವಳು ಎಲೆಯ ಮುಂದೆ ಹೇಳಬಹುದಿತ್ತು. ಆರ್‌ಎಸಿ ಅಂದಳು.

ಎರಡನೇ ಸುತ್ತಿನಲ್ಲಿ ಏನೂ ಬದಲಾಗಲಿಲ್ಲ. ಅದೇ ಕಾಲೇಜು, ಅದೇ ದ್ರಾಕ್ಷಿ ತೋಟ. ಆ ರಾತ್ರಿ ಹೊಸ ಕಟ್ ಆಫ್ ಪಟ್ಟಿ ತೆಗೆದು ಮೈಸೂರಿನ ಎಲೆಕ್ಟ್ರಾನಿಕ್ಸ್ ಎಲ್ಲಿಗೆ ನಿಂತಿದೆ ಎಂದು ನೋಡಿದೆ. ಅವಳ ರ್ಯಾಂಕಿಗಿಂತ ಸಾಕಷ್ಟು ಹಿಂದಿನವರಿಗೂ ಸಿಕ್ಕಿತ್ತು. ಎಕ್ಸೆಲ್ ಫೈಲನ್ನು ಅಳಿಸಿ ಹಾಕಿದೆ. ಅಳಿಸಿದರೆ ಏನು ಬಂತು?

ಈಗ ಅವಳು ಅಲ್ಲೇ ಪಿಜಿಯಲ್ಲಿ ಇದ್ದಾಳೆ. ಶನಿವಾರ ಬರುತ್ತಾಳೆ, ಸೋಮವಾರ ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ನಿಂತುಕೊಂಡು ಹೋಗುತ್ತಾಳೆ. ಓದು ಚೆನ್ನಾಗಿಯೇ ಇದೆಯಂತೆ, ಫ್ರೆಂಡ್ಸ್ ಇದ್ದಾರೆ, ನಗುತ್ತಾಳೆ. ಇದನ್ನು ಹೇಳುತ್ತಿರುವುದು ನನ್ನ ಸಮಾಧಾನಕ್ಕೆ ಎಂದು ನನಗೂ ಗೊತ್ತು. ಹೋದ ತಿಂಗಳು ಬಂದಾಗ ಕಾಲಿಂಗ್ ಬೆಲ್ ಸರಿ ಮಾಡು ಅಂದೆ. “ನಾನು ಕಂಪ್ಯೂಟರ್ ಸೈನ್ಸ್ ಅಪ್ಪ, ಎಲೆಕ್ಟ್ರಿಷಿಯನ್ ಕರಿ” ಅಂದಳು.

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಫೋನ್ ಬಂತು. ಹಿಂದಿನ ಬೀದಿಯವರು. ಮಗನಿಗೆ ಅಣಕಿನಲ್ಲಿ ಒಳ್ಳೇದೇ ಬಂದಿದೆಯಂತೆ, ಮೇಲೆ ಇನ್ನೊಂದೆರಡು ಹಾಕಿ ಕಾದರೆ ಸಿಗುತ್ತಾ ಅಂದರು.

“ಹುಡುಗ ಪಕ್ಕದಲ್ಲಿದ್ದರೆ ಅವನಿಗೆ ಫೋನ್ ಕೊಡಿ” ಅಂದೆ.

“ಅವನು ಮಲಗಿಬಿಟ್ಟ ಸಾರ್. ಆಪ್ಷನ್ ಎಲ್ಲಾ ನಾನೇ ಹಾಕ್ತಾ ಇದ್ದೀನಿ.”